ಅನುಮಾನಾಸ್ಪದ ಮೇಲ್‌ಗಳ ರಿಜಿಸ್ಟರ್

ನಮ್ಮ ಶಾಲೆಯ ಆಫೀಸಿನ ಬೀರುವಿನಲ್ಲಿ ಇನ್‌ವರ್ಡ್, ಔಟ್‌ವರ್ಡ್ ರಿಜಿಸ್ಟರುಗಳ ಪಕ್ಕದಲ್ಲಿ ನೀಲಿ ರಟ್ಟಿನ ಇನ್ನೊಂದು ರಿಜಿಸ್ಟರ್ ಇದೆ. ಅದನ್ನು ಇಡಬೇಕೆಂದು ಯಾವ ಇಲಾಖೆಯೂ ಆದೇಶ ಕಳಿಸಿಲ್ಲ. ನಾನೇ ಹುಟ್ಟುಹಾಕಿದ್ದು. ಸ್ಕೇಲು ಹಿಡಿದು ಗೆರೆ ಎಳೆದು, ಮೇಲ್ ಬಂದ ದಿನ, ಯಾರಿಂದ, ವಿಷಯ, ಲಗತ್ತು, ಅನುಮಾನಕ್ಕೆ ಕಾರಣ, ಕೈಗೊಂಡ ಕ್ರಮ ಎಂದು ಕೆಂಪು ಶಾಯಿಯಲ್ಲಿ ತಲೆಬರಹ ಬರೆದವಳೂ ನಾನೇ. ಕಂಪ್ಯೂಟರಿಗೆ ಬರುವ ಕಸವನ್ನು ಕಾಗದದಲ್ಲಿ ಬರೆದಿಡುವ ಹುಚ್ಚು ಗುಮಾಸ್ತರಿಗಲ್ಲದೆ ಇನ್ಯಾರಿಗೆ ಬರಬೇಕು ಎಂದು ನಮ್ಮ ಗಣಿತದ ಮೇಷ್ಟ್ರು ನಗುತ್ತಿದ್ದರು. ನಗಲಿ ಬಿಡು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಗುಮಾಸ್ತಗಿರಿ ಮಾಡಿದವಳಿಗೆ, ಬರೆದಿಡದೆ ಇದ್ದದ್ದು ನಡೆದೇ ಇಲ್ಲ ಎಂಬ ನಂಬಿಕೆ ಬಂದುಬಿಟ್ಟಿರುತ್ತದೆ.

ಆ ರಿಜಿಸ್ಟರಿನಲ್ಲಿ ನನ್ನದೇ ಕೈಬರಹದ ಮೂರು ಸಾಲುಗಳಿವೆ. ಅವುಗಳನ್ನು ಬರೆಯದೆ ಇದ್ದಿದ್ದರೆ ಇವತ್ತಿಗೂ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನೆಮ್ಮದಿಯಾಗಿ ಇರುತ್ತಿದ್ದೆ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿದೆ.

ನಾನಿರುವುದು ಚಿಂತಾಮಣಿಯಲ್ಲಿ. ಕೆಲಸ ಶಿಡ್ಲಘಟ್ಟದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ. ತವರು ಅಂಬಾಜಿದುರ್ಗದ ಬುಡದ ಹಳ್ಳಿ. ಹೊಲಗದ್ದೆ ಇದ್ದ, ಮನೆಯಲ್ಲಿ ತೆಲುಗು ಆಡುವ ದೊಡ್ಡ ಕುಟುಂಬ. ಜೋರು ಬಾಯಿ ನನಗೆ ಅಲ್ಲಿಂದ ಬಂದ ಪಾಲು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದವರ ಹತ್ತಿರವೂ ಜಗಳ, ಮಾರ್ಕ್ಸ್ ಕಾರ್ಡಿನ ಮೇಲೆ ಇಂಕು ಚೆಲ್ಲಿದ ಮೇಷ್ಟ್ರ ಹತ್ತಿರವೂ ಜಗಳ. ಆಫೀಸಿನಲ್ಲಿ ಎಲ್ಲರೂ ನನಗೆ ಹೆದರುತ್ತಿದ್ದರು. ಹೆದರದೆ ಇದ್ದವರು ಇಬ್ಬರೇ: ನಮ್ಮ ಅಟೆಂಡರ್ ಆಪಾ, ಮತ್ತು ಅವರ ತಮ್ಮ.

ಆಪಾ ನನಗಿಂತ ಆರೇಳು ವರ್ಷ ದೊಡ್ಡವರು. ಮನೆಮಾತು ಉರ್ದು; ಆಪಾ ಎಂದರೆ ಅದರಲ್ಲಿ ಅಕ್ಕ, ಶಾಲೆಯಲ್ಲೆಲ್ಲ ಅವರಿಗೆ ಅದೇ ಹೆಸರು. ಅಪ್ಪ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿಗಿದ್ದವರು. ಆಪಾ ಕೂಡ ಹತ್ತನೇ ವಯಸ್ಸಿಗೇ ಕುದಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಲು ಕೂತವರು. ಅವರ ಬೆರಳ ತುದಿಗಳು ಈಗಲೂ ಬೆಳ್ಳಗೆ ಸುಕ್ಕಾಗಿವೆ. ತಮ್ಮನಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡರು. ಅಲ್ಲಿಂದ ಅವನನ್ನು ಸಾಕಿದ್ದು ಆಪಾ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಬಿಟ್ಟುಹೋದ, ಮಕ್ಕಳಿಲ್ಲ. "ಅವನು ನಂಗೆ ತಮ್ಮ ಅಲ್ಲ ಮೇಡಂ, ಹೆರದೆ ಸಿಕ್ಕಿದ ಮಗ" ಎನ್ನುತ್ತಿದ್ದರು.

ಆ ತಮ್ಮ ನಮ್ಮ ಶಾಲೆಯಲ್ಲೇ ಓದಿ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಕೂತು, ಎರಡು ಸಲವೂ ಫೇಲಾದವನು. ಆದರೆ ಕೈಯಲ್ಲಿ ಬುದ್ಧಿಯಿತ್ತು. ಶಾಲೆಯ ಫ್ಯಾನು, ಮೋಟಾರು, ಮೈಕು, ಏನು ಕೆಟ್ಟರೂ ಅವನನ್ನೇ ಕರೆಯಬೇಕು. ಪ್ರತಿ ಶಾಲೆಗೂ ಇ-ಮೇಲ್ ಇರಬೇಕೆಂದು ಇಲಾಖೆಯಿಂದ ಸುತ್ತೋಲೆ ಬಂದಾಗ ನಮ್ಮಲ್ಲಿ ಡಬಲ್ ಡಿಗ್ರಿ ಮಾಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಸ್ಸೆಸ್ಸೆಲ್ಸಿ ಫೇಲಾದವನೇ ಬಂದು, ನನ್ನ ಕುರ್ಚಿಯಲ್ಲಿ ಕೂತು, ಹತ್ತು ನಿಮಿಷದಲ್ಲಿ ಐಡಿ ಮಾಡಿಕೊಟ್ಟ. ಶಾಲೆಯ ಪೂರ್ತಿ ಹೆಸರು ಹಾಕೋಣ ಎಂದೆ. "ಬ್ಯಾಡ ಮೇಡಂ, ಚಿಕ್ಕದಾಗಿರ್ಲಿ. ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳೋ ಹಾಗಿರ್ಬೇಕು" ಎಂದ. ಮೇಲ್ ತೆರೆಯುವುದು, ಉತ್ತರ ಕಳಿಸುವುದು, ಫೈಲು ಲಗತ್ತಿಸುವುದು, ಎಲ್ಲವನ್ನೂ ನನಗೆ ಕಲಿಸಿದವನು ಅವನು. ಎರಡನೇ ಸಲ ಅದೇ ಪ್ರಶ್ನೆ ಕೇಳಿದರೆ, ನಾನು ಮಕ್ಕಳಿಗೆ ಬೈಯುವ ಧಾಟಿಯಲ್ಲೇ ನನಗೆ ಬೈದು ನಗುತ್ತಿದ್ದ.

ಆಮೇಲೆ ಆ ಐಡಿ ಶಾಲೆಯಿದ್ದ ಇಡೀ ಬೀದಿಯ ಸ್ವತ್ತಾಯಿತು. ಇದನ್ನು ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಯಾವ ಅರ್ಜಿ ತುಂಬಿದರೂ ಇ-ಮೇಲ್ ಎಂಬ ಜಾಗ ಬರುತ್ತದಲ್ಲ, ಅಲ್ಲಿ ಎಲ್ಲರೂ ಶಾಲೆಯ ಐಡಿ ಬರೆಸುತ್ತಿದ್ದರು. ರೇಷನ್ ಕಾರ್ಡಿಗೆ ಅದೇ, ಗ್ಯಾಸಿಗೆ ಅದೇ, ಮಕ್ಕಳ ಸ್ಕಾಲರ್‌ಶಿಪ್ಪಿಗೂ ಅದೇ. ಮೇಲ್ ಬಂದಾಗ ನಾನು ಪ್ರಿಂಟ್ ತೆಗೆದು ಆಪಾ ಕೈಯಲ್ಲಿ ಅವರವರ ಮನೆಗೆ ಕಳಿಸುತ್ತಿದ್ದೆ. ನಮ್ಮ ಆಫೀಸೇ ಒಂದು ಪೋಸ್ಟಾಫೀಸು, ನಾನೇ ಪೋಸ್ಟ್ ಮಾಸ್ಟರ್. ಬೇಜಾರು ಮಾಡಿಕೊಂಡವಳ ಹಾಗೆ ಗೊಣಗುತ್ತಿದ್ದೆ, ಒಳಗೊಳಗೆ ಹೆಮ್ಮೆಯಿತ್ತು. ಆಪಾರ ತಮ್ಮ ಗಲ್ಫಿಗೆ ಟ್ಯಾಂಕರ್ ಡ್ರೈವರಾಗಿ ಹೊರಟಾಗ ಅವನ ವೀಸಾ ಅರ್ಜಿಯಲ್ಲೂ ಬಿದ್ದಿದ್ದು ಅದೇ ಐಡಿ. ತಾನು ಮಾಡಿದ ಐಡಿ, ಕೇಳುವುದೇನು? ಹೊರಡುವ ದಿನ ನನ್ನ ಕಂಪ್ಯೂಟರಿನ ಧೂಳು ಒರೆಸಿ, "ಏನೇ ಆದ್ರೂ ಇದಕ್ಕೊಂದು ಹಾಕ್ತೀನಿ ಮೇಡಂ, ನಮ್ಮಕ್ಕಂಗೆ ಓದಿ ಹೇಳಿ" ಎಂದಿದ್ದ. "ಹೋಗಯ್ಯ, ಫೋನ್ ಇದೆಯಲ್ಲ" ಎಂದಿದ್ದೆ ನಾನು.

ಅವನು ಹೋದ ಎರಡನೇ ವರ್ಷ ನಮ್ಮ ಹೆಡ್‌ಮಾಸ್ಟರು ಒಂದು ಎಡವಟ್ಟು ಮಾಡಿದರು. ಸಂಬಳದ ಬಿಲ್ಲು ತಡೆಹಿಡಿಯಲಾಗಿದೆ, ಕೂಡಲೇ ಇಲ್ಲಿ ಒತ್ತಿ ಎಂದು ಒಂದು ಮೇಲ್ ಬಂದಿತ್ತು. ಪಾಪ, ಒತ್ತಿದರು. ಮಾರನೆಯ ದಿನ ನಮ್ಮ ಐಡಿಯಿಂದ ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಹೇಳಲು ಬಾಯಿ ಬರದಂಥ ಚಿತ್ರಗಳು ಹೋದವು. ಹೆಡ್‌ಮಾಸ್ಟರನ್ನು ಚಿಕ್ಕಬಳ್ಳಾಪುರಕ್ಕೆ ಕರೆಸಿ ನಿಲ್ಲಿಸಿಕೊಂಡು ಬೈದರು. ನಿವೃತ್ತಿಗೆ ಮೂರು ವರ್ಷವಿದ್ದ ಮನುಷ್ಯ ವಾಪಸ್ಸು ಬಂದು ನನ್ನ ಮೇಜಿನ ಮುಂದೆ ಕೂತು, "ಇನ್ಮೇಲೆ ಆ ಡಬ್ಬ ನಾನು ಮುಟ್ಟಲ್ಲ ಕಣಮ್ಮ, ನೀನೇ ನೋಡ್ಕೊ" ಎಂದರು. ಕಣ್ಣಲ್ಲಿ ನೀರಿತ್ತು.

ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ನಡೆದ ಒಂದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಪಾಠ ಮಾಡಿದವನು ನನ್ನ ಮಗನ ವಯಸ್ಸಿನವನು, ಚೆನ್ನಾಗಿ ಮಾತಾಡುತ್ತಿದ್ದ. ಗುರುತಿಲ್ಲದವರಿಂದ ಬಂದ ಮೇಲ್, ಅರ್ಜೆಂಟ್ ಎಂದು ಹೆದರಿಸುವ ಮೇಲ್, ತಪ್ಪುತಪ್ಪು ಇಂಗ್ಲಿಷಿನ ಮೇಲ್, ಏನೋ ಫೈಲ್ ಅಂಟಿಸಿಕೊಂಡು ಬಂದ ಮೇಲ್, ಕರುಳು ಹಿಂಡುವಂಥ ಮೇಲ್, ಇವನ್ನು ತೆರೆಯಲೇಬಾರದು ಎಂದ. "ತೆರೆದು ನೋಡಿ ಆಮೇಲೆ ಡಿಲೀಟ್ ಮಾಡಣ ಅಂತೀರಲ್ಲ, ಅಲ್ಲೇ ನೀವು ಸಿಕ್ಕಾಕ್ಕೊಳ್ಳೋದು. ತೆರೀಬೇಡಿ. ರಿಪೋರ್ಟ್ ಒತ್ತಿ, ಅಳಿಸಿ, ಕೈ ತೊಳ್ಕೊಳ್ಳಿ." ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡೆ. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ನೀಲಿ ರಟ್ಟಿನ ರಿಜಿಸ್ಟರ್ ಕೊಂಡುಕೊಂಡೆ.

ಅಲ್ಲಿಂದ ನನಗೆ ಕೊಂಬು ಬಂತು. ಬೀದಿಯವರಿಗೆಲ್ಲ ಅವರವರ ಐಡಿ ಮಾಡಿಸಿಕೊಳ್ಳಿ ಎಂದು ಗದರಿದೆ. ಪೋಸ್ಟಾಫೀಸು ಬಂದ್ ಎಂದೆ. ದಿನಾ ಬೆಳಿಗ್ಗೆ ಮೊದಲ ಕೆಲಸ ಮೇಲ್ ಶೋಧಿಸುವುದು. ಕಂಡುಹಿಡಿದದ್ದನ್ನು ರಿಪೋರ್ಟ್ ಮಾಡಿ, ರಿಜಿಸ್ಟರಿನಲ್ಲಿ ಬರೆದು, ಹೆಡ್‌ಮಾಸ್ಟರ ರುಜು ಹಾಕಿಸುವುದು. ಶನಿವಾರ ಮಧ್ಯಾಹ್ನ ಮನೆಗೆ ಹೊರಡುವ ಮುಂಚೆ ಸ್ಪ್ಯಾಮ್ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡುವುದು, ಮನೆಯ ಕಸ ಹೊರಗೆ ಹಾಕಿದ ಹಾಗೆ. ಮೇಷ್ಟ್ರುಗಳು ನನಗೆ ಮೇಲ್ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಬೈಗುಳವೋ ಬಿರುದೋ ಎಂದು ಕೇಳಿದರೆ, ಬಿರುದು ಎಂದೇ ತೆಗೆದುಕೊಂಡಿದ್ದೆ.

ಆಗಲೇ ಆಪಾಗೆ ಒಂದು ಫೋನು ಬಂತು. ಬೆಳಗಿನ ಪ್ರಾರ್ಥನೆ ಮುಗಿದಿತ್ತು. ಆಪಾ ಫೋನು ಕಿವಿಗಿಟ್ಟುಕೊಂಡೇ ಓಡಿಬಂದು ನನ್ನ ಮೇಜು ಹಿಡಿದು ನಿಂತರು. "ಮೇಡಂ, ಪೊಲೀಸ್ ಅಂತೆ. ತಮ್ಮಂಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೇಲಿದಾನೆ, ದುಡ್ಡು ಕಟ್ಟಿದ್ರೇನೇ ಆಪರೇಷನ್ ಅಂತಿದಾರೆ. ಯಾ ಅಲ್ಲಾ, ಏನ್ ಮಾಡ್ಲಿ?" ಎಂದು ಕಿವಿಯ ಓಲೆಗೆ ಕೈ ಹಾಕಿದ್ದರು. ನಾನು ಫೋನು ಕಿತ್ತುಕೊಂಡು, ಯಾವ ಆಸ್ಪತ್ರೆ, ಅವನ ಅಪ್ಪನ ಹೆಸರೇನು, ಎಂದು ಎರಡು ಪ್ರಶ್ನೆ ಕೇಳಿದೆ. ಅತ್ತ ಕಡೆಯವನು ತಡವರಿಸಿದ. ನಮ್ಮೂರ ತೆಲುಗಿನಲ್ಲಿ ಅವನ ಏಳು ತಲೆಮಾರನ್ನೂ ಉಗಿದು ಫೋನಿಟ್ಟೆ. ಪಕ್ಕದ ಎಂಟನೇ ತರಗತಿ ಪೂರ್ತಿ ಕಿಟಕಿಗೆ ಬಂದು ನಿಂತು ಕೇಳಿಸಿಕೊಂಡಿತು.

ಸಂಜೆ ಆಪಾರ ತಮ್ಮನೇ ಫೋನ್ ಮಾಡಿದ. ಅವನಿಗೆ ಒಂದು ಗೀರು ಗಾಯವೂ ಆಗಿರಲಿಲ್ಲ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ನನಗೆ ಫೋನು ಕೊಡಿಸಿ, "ನೀವಿರೋವರ್ಗೂ ನಮ್ಮಕ್ಕನ ಚಿಂತೆ ನಂಗಿಲ್ಲ ಮೇಡಂ" ಎಂದ. ಮಾರನೆಯ ದಿನವೇ ನಾನು ಆಪಾರ ಹಳೇ ಸಿಮ್ ಮುರಿಸಿ ಹೊಸದು ಹಾಕಿಸಿದೆ. ಗೊತ್ತಿಲ್ಲದ ನಂಬರ್ ಬಂದರೆ ಎತ್ತಕೂಡದು ಎಂದು ತಾಕೀತು ಮಾಡಿದೆ. ಹೊಸ ನಂಬರನ್ನು ತಮ್ಮ ತನ್ನ ಫೋನಿನಲ್ಲಿ ತುಂಬಿಕೊಂಡ. ಈಗ ಯಾರು ನಂಬರ್ ಬಾಯಿಪಾಠ ಮಾಡುತ್ತಾರೆ?

ಆಪಾ ಅವತ್ತಿನಿಂದ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಹಬ್ಬಕ್ಕೆ ಶಾವಿಗೆ ಪಾಯಸದ ಡಬ್ಬಿ ಮೊದಲು ನನ್ನ ಮೇಜಿಗೆ ಬರುತ್ತಿತ್ತು. "ಮೇಡಂ ನೋಡಿದ್ರೆ ಸಾಕು, ಕಳ್ಳ ಯಾರು ಸಾಚಾ ಯಾರು ಅಂತ ಗೊತ್ತಾಗತ್ತೆ" ಎಂದು ಹೊಸ ಟೀಚರುಗಳಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನೂ ಅದನ್ನು ನಂಬಿದೆ.

ಇದಾಗಿ ನಾಲ್ಕೈದು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ, ಮೇಲ್ ಪಟ್ಟಿಯಲ್ಲಿ ಗುರುತಿಲ್ಲದ ಒಂದು ವಿಳಾಸ ಕಂಡಿತು. ವಿಷಯದ ಜಾಗದಲ್ಲಿ 'ಫಾರ್ ಮೈ ಸಿಸ್ಟರ್, ವೆರಿ ಅರ್ಜೆಂಟ್' ಎಂದಿತ್ತು. ಅರ್ಜೆಂಟ್ ಎಂಬುದರ ಸ್ಪೆಲಿಂಗ್ ತಪ್ಪಾಗಿತ್ತು. ಅದರ ಮುಂದೆ ಮಸುಕು ಅಕ್ಷರದಲ್ಲಿ ಆ ಮೇಲ್‌ನ ಮೊದಲ ಅರ್ಧ ಸಾಲು ಕಾಣುತ್ತದಲ್ಲ, ಅಲ್ಲಿ 'ಡಿಯರ್ ಮೇಡಂ, ಯು ಡೋಂಟ್ ನೋ ಮಿ' ಎಂದಿತ್ತು. ಕೆಳಗೊಂದು ಆಡಿಯೊ ಫೈಲು. ನನಗೆ ನಗು ಬಂತು. ತರಬೇತಿಯಲ್ಲಿ ಹೇಳಿದ ಎಲ್ಲ ಗುರುತುಗಳೂ ಒಂದೇ ಕಡೆ! ಜೊತೆಗೆ ಅಕ್ಕ ತಮ್ಮ ಎಂಬ ಸೆಂಟಿಮೆಂಟು ಬೇರೆ. ಅವತ್ತು ಫೋನು ಮಾಡಿ ಉಗಿಸಿಕೊಂಡ ಗ್ಯಾಂಗೇ ಈಗ ಮೇಲ್‌ನಲ್ಲಿ ಬಂದಿದೆ ಎಂದು ನನಗೆ ಖಾತ್ರಿಯಾಯಿತು. ಆಪಾ ಆಗ ತಾನೇ ಟೀ ತಂದಿಟ್ಟು ಪಕ್ಕದಲ್ಲೇ ನಿಂತಿದ್ದರು. ಹೇಳಿದರೆ ಸುಮ್ಮನೆ ಗಾಬರಿ ಬೀಳುತ್ತಾರೆಂದು ಹೇಳಲಿಲ್ಲ. ರಿಪೋರ್ಟ್ ಒತ್ತಿದೆ. ರಿಜಿಸ್ಟರಿನಲ್ಲಿ ಬರೆದೆ. ಟೀ ಕುಡಿದೆ. ಟೀ ಚೆನ್ನಾಗಿದೆ ಆಪಾ ಎಂದದ್ದು ನೆನಪಿದೆ.

ಒಂದು ವಿಳಾಸವನ್ನು ಹಾಗೆ ರಿಪೋರ್ಟ್ ಮಾಡಿದರೆ, ಮುಂದೆ ಅದರಿಂದ ಬರುವುದೆಲ್ಲ ತಾನಾಗಿ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಆ ವಾರದ ಕೊನೆಗೆ ಒಂದು ಬಿದ್ದಿತ್ತು, ಮುಂದಿನ ವಾರ ಇನ್ನೊಂದು. ಶನಿವಾರದ ಆತುರದಲ್ಲಿ, ಚಿಂತಾಮಣಿ ಬಸ್ಸು ತಪ್ಪುತ್ತದೆಂದು, ಲಾಟರಿಯವರ ಮತ್ತು ಸಾಲ ಕೊಡುವವರ ಮಧ್ಯೆ ಅವನ್ನೂ ನಕಲು ಮಾಡಿ ಬರೆದುಕೊಂಡು ಖಾಲಿ ಮಾಡಿದೆ. ಏನು ಬರೆಯುತ್ತಿದ್ದೇನೆ ಎಂದು ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

ತಮ್ಮನ ಫೋನು ಬಾರದೆ ಹತ್ತು ದಿನ ಕಳೆದ ಮೇಲೆ ಆಪಾ ಚಡಪಡಿಸತೊಡಗಿದರು. ದಿನಾ ಟೀ ಇಡುವಾಗ, "ಮೇಲ್ ನೋಡಿದ್ರಾ ಮೇಡಂ?" ಎಂದು ಕೇಳುತ್ತಿದ್ದರು. "ನೋಡ್ದೆ ಆಪಾ. ಬಂದಿದ್ರೆ ನಾನೇ ಹೇಳ್ತಿರ್ಲಿಲ್ವಾ? ಮರಳುಗಾಡಿನ ಕಡೆ ಡ್ಯೂಟಿ ಹಾಕಿರ್ತಾರೆ, ಅಲ್ಲಿ ಸಿಗ್ನಲ್ ಎಲ್ಲಿ ಬರ್ಬೇಕು" ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಒಂದು ಗುರುವಾರ ಅವನನ್ನು ಕಳಿಸಿದ ಏಜೆಂಟ್ ಮನೆಗೆ ಬಂದ. ಟ್ಯಾಂಕರ್ ಮಗುಚಿ ಹುಡುಗ ಹೋಗಿಬಿಟ್ಟ, ಮಣ್ಣು ಅಲ್ಲೇ ಮಾಡುವುದಾದರೆ ಬೇಗ ಮುಗಿಯುತ್ತದೆ, ಇಲ್ಲಿಗೆ ತರಿಸುವುದಾದರೆ ತಿಂಗಳುಗಟ್ಟಲೆ ಆಗುತ್ತದೆ ಎಂದು ಒಂದು ಕಾಗದ ಮುಂದಿಟ್ಟ. ಮಸೀದಿಯ ಹಿರಿಯರು ಕೂತು ಮಾತಾಡಿದರು. ಅಲ್ಲೇ ಮಣ್ಣು ಮಾಡಲಿ ಎಂದು ಆಪಾ ರುಜು ಹಾಕಿದರು. ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ಪಕ್ಕದ ಘಟಕದಿಂದ ಬೆಂದ ಗೂಡಿನ ವಾಸನೆ ಮನೆಯೊಳಗೆಲ್ಲ ತುಂಬಿತ್ತು. "ಸ್ಥಳದಲ್ಲೇ ಹೋದ್ನಂತೆ ಮೇಡಂ. ಅವನಿಗೆ ಗೊತ್ತೇ ಆಗಿಲ್ವಂತೆ. ಅಷ್ಟಾದ್ರೂ ಅಲ್ಲಾ ಮಾಡ್ದ" ಎಂದರು. ಆಮೇಲೆ ಎಷ್ಟೋ ತಿಂಗಳು ಆ ಮಾತೊಂದನ್ನೇ ಹಿಡಿದುಕೊಂಡು ಬದುಕಿದರು. ಯಾರು ಬಂದರೂ ಅದನ್ನೇ ಹೇಳುತ್ತಿದ್ದರು: ಗೊತ್ತೇ ಆಗಿಲ್ವಂತೆ.

ಏಜೆಂಟ್ ಸುಳ್ಳು ಹೇಳಿದನೋ, ಅವನಿಗೇ ಸರಿಯಾಗಿ ಗೊತ್ತಿರಲಿಲ್ಲವೋ, ನನಗೆ ತಿಳಿಯದು.

ಏಳು ತಿಂಗಳಾದ ಮೇಲೆ ಮಂಚೇನಹಳ್ಳಿಯ ಕಡೆಯವನೊಬ್ಬ ಶಾಲೆ ಹುಡುಕಿಕೊಂಡು ಬಂದ. ಮೂವತ್ತರ ಆಸುಪಾಸಿನವನು, ಅದೇ ಕಂಪನಿಯಲ್ಲಿ ಡ್ರೈವರ್, ರಜೆಗೆ ಬಂದಿದ್ದ. ಕೈಯಲ್ಲಿ ಒಂದು ರೆಗ್ಜಿನ್ ಬ್ಯಾಗು. "ಅವ್ನ ಮನೆ ಗೊತ್ತಿರ್ಲಿಲ್ಲ ಮೇಡಂ. ಈ ಸ್ಕೂಲ್ ಹೆಸ್ರು ಮಾತ್ರ ಯಾವಾಗ್ಲೂ ಹೇಳ್ತಿದ್ದ" ಎಂದ. ಆಪಾರನ್ನು ಕರೆಸಿದೆ. ಅವರು ಬ್ಯಾಗು ತೆರೆದು ಒಂದೊಂದೇ ಅಂಗಿ ತೆಗೆದು, ಮೂಸಿ, ಮತ್ತೆ ಮಡಿಸಿ ಇಟ್ಟರು. ಅವನಿಗೂ ಒಂದು ಲೋಟ ಟೀ ತಂದುಕೊಟ್ಟು, "ಸ್ಥಳದಲ್ಲೇ ಹೋದ್ನಂತಲ್ಲಪ್ಪ, ನೀನು ನೋಡಿದ್ಯಾ?" ಎಂದು ಕೇಳಿದರು.

ಅವನು ನನ್ನ ಮುಖ ನೋಡಿದ. ಹೇಳಲೋ ಬೇಡವೋ ಎಂಬಂತಿತ್ತು. ನಾನೇ, "ಹೇಳಪ್ಪ" ಎಂದೆ. ಯಾಕೆ ಹೇಳಿದೆನೋ.

"ಇಲ್ಲಕ್ಕಾ. ಹತ್ತೊಂಬತ್ತು ದಿನ ಆಸ್ಪತ್ರೇಲಿದ್ದ. ನಾನು ಬೇರೆ ಸೈಟಲ್ಲಿದ್ದೆ, ನಂಗೆ ಗೊತ್ತಾಗಿ ಹೋಗೋಷ್ಟೊತ್ಗೆ ಮುಗ್ದೋಗಿತ್ತು. ಅಲ್ಲೊಬ್ರು ನರ್ಸಮ್ಮ ಹೇಳಿದ್ರು. ಅವ್ನಿಗೆ ಸೊಂಟದ ಕೆಳಗೆ ಸ್ವಾಧೀನ ಇರ್ಲಿಲ್ಲ, ಆದ್ರೆ ಜ್ಞಾನ ಇತ್ತಂತೆ. ಫೋನ್ ಪುಡಿ ಆಗಿತ್ತು. ನಿಮ್ದೊಂದು ಹಳೇ ನಂಬರ್ ಹೇಳ್ದ, ಮಾಡಿದ್ರೆ ಚಾಲ್ತಿಲಿಲ್ಲ ಅಂತ ಬಂತಂತೆ. ಆಮೇಲೆ ಈ ಸ್ಕೂಲಿನ ಮೇಲ್ ಐಡಿ ಹೇಳಿ ಬರ್ಸಿದ. ನರ್ಸಮ್ಮ ಮೂರು ಸಲ ಹಾಕಿದ್ರಂತೆ. ಮೂರು ಸಲಾನೂ ಅವ್ನ ಮಾತು ರೆಕಾರ್ಡ್ ಮಾಡಿ ಹಾಕಿದ್ರಂತೆ. ನಿಮ್ ಭಾಷೆ ಅವ್ರಿಗೆ ಬರ್ತಿರ್ಲಿಲ್ಲ, ಅವ್ನು ಏನ್ ಹೇಳ್ದ ಅಂತ ಗೊತ್ತಿಲ್ಲ, ತುಂಬ ಮಾತಾಡ್ದ ಅಂದ್ರು. ದಿನಾ ಕೇಳ್ತಿದ್ನಂತೆ, ರಿಪ್ಲೈ ಬಂತಾ ಸಿಸ್ಟರ್ ಅಂತ."

ಬೀರುವಿನ ಕಡೆ ನೋಡಬಾರದೆಂದು ಮೇಜಿನ ಮೇಲಿದ್ದ ಪೇಪರ್ ವೇಟನ್ನೇ ನೋಡುತ್ತ ಕೂತೆ. ಆಪಾ ಬ್ಯಾಗಿನ ಜಿಪ್ ಎಳೆದು ಮಾತಾಡಿದರು. ದನಿಯಲ್ಲಿ ಅಳುವಿಗಿಂತ ಹೆಚ್ಚಾಗಿ ಹಟವಿತ್ತು.

"ಬಂದಿಲ್ಲಪ್ಪ. ಐಡಿ ತಪ್ಪು ಬರ್ಕೊಂಡಿರ್ಬೇಕು ಆಯಮ್ಮ. ಬಂದಿದ್ರೆ ನಮ್ಮ ಮೇಡಂ ಬಿಡ್ತಿರ್ಲಿಲ್ಲ. ಒಂದೊಂದು ಮೇಲ್ ಕೂಡ ಬಿಡ್ದೆ ನೋಡ್ತಾರೆ ಅವ್ರು. ಅಲ್ವಾ ಮೇಡಂ?"

ನಾನು ತಲೆಯಾಡಿಸಿದೆ. ಹೌದು ಎಂದು. ಜಗತ್ತಿನ ಸುಳ್ಳುಗಳನ್ನೆಲ್ಲ ಹುಡುಕಿ ಹಿಡಿಯುತ್ತೇನೆಂದು ಮೆರೆಯುತ್ತಿದ್ದ ನಾನು, ಅವತ್ತು ಬಾಯಿ ಕೂಡ ತೆರೆಯದೆ ಒಂದು ಸುಳ್ಳು ಹೇಳಿದೆ.

ಎಲ್ಲರೂ ಹೋದ ಮೇಲೆ ಬೀರು ತೆರೆದೆ. ಪುಟ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ಅಕ್ಷರ ಅಚ್ಚುಕಟ್ಟಾಗಿರುತ್ತದೆ, ಎಲ್ಲರೂ ಹೊಗಳುತ್ತಾರೆ. ಮೊದಲನೆಯದು, 'ಫಾರ್ ಮೈ ಸಿಸ್ಟರ್, ವೆರಿ ಅರ್ಜೆಂಟ್'. ಎರಡನೆಯದು, 'ಸೆಕೆಂಡ್ ಟೈಮ್, ಫಾರ್ ಮೈ ಸಿಸ್ಟರ್'. ಮೂರನೆಯದು, 'ಪ್ಲೀಸ್ ಓಪನ್'. ಮೂರಕ್ಕೂ ಲಗತ್ತಿನ ಜಾಗದಲ್ಲಿ ಒಂದು ಆಡಿಯೊ ಫೈಲ್ ಎಂದು ಬರೆದಿದ್ದೆ. ಮೂರಕ್ಕೂ ಹೆಡ್‌ಮಾಸ್ಟರ ರುಜು ಇತ್ತು. ಆ ಮೂರು ತಾರೀಖುಗಳೂ ಅವನು ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನಗಳ ಒಳಗೇ ಇದ್ದವು.

ಚಿಕ್ಕಬಳ್ಳಾಪುರದ ತರಬೇತಿಯವನಿಗೆ ಫೋನು ಮಾಡಿದೆ. ಅಳಿಸಿದ ಮೇಲ್ ವಾಪಸ್ಸು ತರಲು ಆಗುತ್ತದೆಯೇ ಎಂದು, ಯಾರದೋ ವಿಷಯ ಎನ್ನುವಂತೆ ಕೇಳಿದೆ. ನಾನಾದರೆ ಶನಿವಾರ ಶನಿವಾರ ಖಾಲಿ ಮಾಡುತ್ತೇನೆ ಎಂದೂ ಹೇಳಿದೆ. "ಸ್ಪ್ಯಾಮ್‌ನಲ್ಲಿ ಬಿಟ್ಟಿದ್ರೂ ಒಂದು ತಿಂಗಳಿಗೆ ತಾನೇ ಹೋಗತ್ತೆ ಮೇಡಂ. ನೀವಂತೂ ವಾರ ವಾರ ಖಾಲಿ ಮಾಡ್ತೀರಿ. ಎಲ್ರೂ ನಿಮ್ಮ ಥರ ಇದ್ರೆ ನಮ್ಗೆ ಕೆಲ್ಸಾನೇ ಇರಲ್ಲ" ಎಂದು ಮೆಚ್ಚಿಕೊಂಡ. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ.

ರಿಜಿಸ್ಟರಿನಲ್ಲಿ ಆ ನರ್ಸಿನ ವಿಳಾಸವಿತ್ತು. ಅದಕ್ಕೆ ಬರೆದೆ. ನನಗೆ ಬರುವ ಇಂಗ್ಲಿಷ್ ಸರ್ಕಾರಿ ಕಾಗದದ ಇಂಗ್ಲಿಷ್, ಅದರಲ್ಲಿ ಬೇಡಿಕೊಳ್ಳಲು ಬರುವುದಿಲ್ಲ. ಬರೆದು ಮುಗಿಸಿ ಓದಿದರೆ, ನಾನು ಯಾರೆಂದು ನಿಮಗೆ ಗೊತ್ತಿಲ್ಲ ಎಂದೇ ಶುರುವಾಗಿತ್ತು. ತುಂಬ ಅರ್ಜೆಂಟ್ ಎಂದೂ ಹಾಕಿದ್ದೆ. ಆ ರೆಕಾರ್ಡಿಂಗ್ ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ ಎಂದು ಕೇಳಿದ್ದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಮಂಚೇನಹಳ್ಳಿಯವನನ್ನು ವಿಚಾರಿಸಿದರೆ ಆ ನರ್ಸು ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರಂತೆ. ನನ್ನ ಮೂರು ಮೇಲ್‌ಗಳು ಯಾರ ಕಸದ ಪೆಟ್ಟಿಗೆಯಲ್ಲಿ ಬಿದ್ದಿವೆಯೋ, ಅವನ್ನು ಯಾರು ರಿಪೋರ್ಟ್ ಮಾಡಿದರೋ.

ಆ ರೆಕಾರ್ಡಿಂಗ್ ಸಿಕ್ಕರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಆಪಾಗೆ ಹೇಳೋಣ ಎಂದುಕೊಂಡಿದ್ದೆ. ಬರಿಗೈಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಎರಡು ತಿಂಗಳು ಹಾಗೇ ತಳ್ಳಿದೆ. ಅವರು ತರುವ ಟೀ ಲೋಟದಲ್ಲೇ ಆರುತ್ತಿತ್ತು. ರಿಜಿಸ್ಟರನ್ನು ಮನೆಗೆ ಒಯ್ದು ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಒಂದು ಸಲವಲ್ಲ, ಹತ್ತು ಸಲ ಬಂತು. ಒಂದು ದಿನ ಅದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸನ್ನೂ ಹತ್ತಿದ್ದೆ. ರಾತ್ರಿಯೆಲ್ಲ ನಿದ್ದೆ ಬರದೆ ಮಾರನೆಯ ದಿನ ತಂದು ಮತ್ತೆ ಬೀರುವಿನಲ್ಲಿಟ್ಟೆ.

ಒಂದು ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಹೋಗಿ ಆಪಾ ಕಿಟಕಿ ಮುಚ್ಚುತ್ತಿದ್ದಾಗ, "ಆಪಾ, ಇಲ್ಲಿ ಕೂತ್ಕೊಳಿ" ಎಂದೆ. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಚಿನಲ್ಲಿ ಕೂತರು. ರಿಜಿಸ್ಟರ್ ತೆರೆದು ಮುಂದಿಟ್ಟೆ. ಹೇಳಿದೆ. ಹೇಗೆ ಹೇಳಿದೆನೆಂದು ಸರಿಯಾಗಿ ನೆನಪಿಲ್ಲ, ನಡುವೆ ಎಲ್ಲೂ ನಿಲ್ಲಿಸಲಿಲ್ಲ ಎಂಬುದು ಮಾತ್ರ ನೆನಪಿದೆ. ನಿಲ್ಲಿಸಿದ್ದರೆ ಮುಂದೆ ಆಗುತ್ತಿರಲಿಲ್ಲ.

ಅವರು ಬೈಯಲಿ ಎಂದು ಕಾದೆ. ಆ ರಿಜಿಸ್ಟರಿನಿಂದಲೇ ಮುಖಕ್ಕೆ ಹೊಡೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಪಾ ಬಿಳಿಚಿದ ಬೆರಳನ್ನು ಆ ಸಾಲಿನ ಮೇಲಿಟ್ಟರು.

"ಇದು ಅವನೇನಾ?"

"ಹೌದು ಆಪಾ."

"ಇಲ್ಲಿ ಅವನ ಮಾತಿತ್ತಾ?"

"ಇತ್ತು."

"ಏನ್ ಹೇಳ್ದ?"

"ಗೊತ್ತಿಲ್ಲ ಆಪಾ. ನಾನು ತೆರೀಲೇ ಇಲ್ಲ."

"ಮೂರರಲ್ಲಿ ಒಂದನ್ನೂ?"

"ಒಂದನ್ನೂ."

"ಎಷ್ಟೊತ್ತು ಮಾತಾಡಿದ್ದ?" ಎಂದು ಕೇಳಿದರು. ಅದೂ ನನಗೆ ಗೊತ್ತಿರಲಿಲ್ಲ. ಆಡಿಯೊ ಎಷ್ಟು ನಿಮಿಷದ್ದು ಎಂದು ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಅವರ ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿತು. "ಇಲ್ಲೇನ್ ಬರ್ದಿದೀರ? ಓದಿ" ಎಂದರು. ಕನ್ನಡ ಓದಲು ಅವರಿಗೆ ಬರುತ್ತದೆ. ಆದರೂ ನನ್ನ ಬಾಯಲ್ಲೇ ಓದಿಸಿದರು.

"ತೆರೆಯದೆ ರಿಪೋರ್ಟ್ ಮಾಡಿ ಅಳಿಸಲಾಗಿದೆ."

"ಇದು?"

"ತೆರೆಯದೆ ರಿಪೋರ್ಟ್ ಮಾಡಿ ಅಳಿಸಲಾಗಿದೆ."

"ಇದು?"

ಮೂರನೆಯದನ್ನೂ ಓದಿದೆ. ಆಪಾ ಎದ್ದು ಮೇಜಿನ ಮೇಲಿದ್ದ ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟರು. ಉಳಿದ ಕಿಟಕಿಗಳನ್ನು ಮುಚ್ಚಿದರು. ಬೀಗ ಹಾಕಿ ಕೀಲಿಕೈಯನ್ನು ಎಂದಿನಂತೆ ನನ್ನ ಕೈಗೆ ಕೊಟ್ಟು, ಬುರ್ಖಾದ ಗುಂಡಿ ಹಾಕಿಕೊಂಡು, ರೇಷ್ಮೆ ಮಾರುಕಟ್ಟೆಯ ದಾರಿಯಲ್ಲಿ ಮನೆಗೆ ಹೊರಟರು. ನಾನು ಗೇಟಿನ ಹತ್ತಿರ ನಿಂತಿದ್ದೆ. ಅವರು ತಿರುಗಿ ನೋಡಲಿಲ್ಲ.

ಸೋಮವಾರ ಕೆಲಸಕ್ಕೆ ಬಂದರು. ಟೀ ತಂದಿಟ್ಟರು. ನಾನು ಈಗ ಬೆಳಿಗ್ಗೆ ಮೊದಲು ತೆರೆಯುವುದು ಸ್ಪ್ಯಾಮ್ ಪೆಟ್ಟಿಗೆಯನ್ನು. ಲಾಟರಿಯವರದ್ದಿರಲಿ, ಸಾಲದವರದ್ದಿರಲಿ, ಒಂದೊಂದನ್ನೂ ತೆರೆದು ಕೊನೆಯ ಸಾಲಿನವರೆಗೂ ಓದುತ್ತೇನೆ. ಆ ನರ್ಸಿನಿಂದ ಇಲ್ಲಿಯವರೆಗೆ ಏನೂ ಬಂದಿಲ್ಲ. ಆಪಾ ಲೋಟ ಇಟ್ಟು ಹೋಗುತ್ತಾರೆ. ಮೇಲ್ ನೋಡಿದ್ರಾ ಮೇಡಂ ಎಂದು ಆಮೇಲೆ ಒಂದು ದಿನವೂ ಕೇಳಿಲ್ಲ.